ಎಡಗಡೆಯ ಗುಂಯ್

ಹಿರೇಕೆರೂರು
11 ಜೂನ್ 2023

ಸುಜಾತಾ ಅವರಿಗೆ, ಜೈಭೀಮ್.

ನಾನು ಹಾರ್ಮೋನಿಯಂ ರಿಪೇರಿಯ ದುರ್ಗೇಶ. ಹೋದ ವರ್ಷ ಸವಣೂರಿಗೆ ಬಂದು ನಿಮ್ಮ ಕೈಯಿಂದ ವಾಲ್ವ್ ಇರುವ ಹೆಡ್‌ಫೋನ್ ಆಂಪ್ಲಿಫೈಯರ್ ಮಾಡಿಸಿಕೊಂಡು ಹೋದವನು. ನೆನಪಿರಬೇಕು. ನಿಮ್ಮ ತಾಯಿ ತಿಪ್ಪವ್ವ ಖಾರದ ಪೊಟ್ಟಣ ಕಟ್ಟುತ್ತ, "ನಮ್ಮ ಹುಡುಗಿ ಗಾಜಿನ ಬುಡ್ಡಿ ಹಚ್ಚಿ ಹಾಡು ಕೇಳಿಸ್ತಾಳ್ರಿ, ಕರೆಂಟ್ ಹೋದ್ರ ಏನ್ ಮಾಡ್ತೀರಿ?" ಎಂದು ನಗಿಸಿದ್ದರು.

ನನ್ನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇದೆ. ಹಾರ್ನಿನ ಗದ್ದಲದಲ್ಲಿ ಹಾರ್ಮೋನಿಯಂ ಪೇಟಿಯ ಸ್ವರ ಹಿಡಿಯುವುದು ಕಷ್ಟ. ನಿಮ್ಮ ಆಂಪ್ಲಿಫೈಯರ್ ಪೆಟ್ಟಿಗೆ ಬಂದ ಮೇಲೆ ಪೇಟಿಯ ಮುಂದೆ ಸಣ್ಣ ಮೈಕು ಇಟ್ಟು, ಹೆಡ್‌ಫೋನ್ ಹಾಕಿಕೊಂಡು ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳನ್ನು ಕೆರೆದು ಶ್ರುತಿ ಮಾಡುತ್ತೇನೆ. ಕೂದಲೆಳೆಯಷ್ಟು ತಪ್ಪಿದರೂ ತಿಳಿಯುತ್ತದೆ. ಸಂಜೆ ನಮ್ಮ ಭೀಮಗೀತೆಯ ಮೇಳದವರ ಹಾಡು ಹಚ್ಚಿಕೊಂಡು ಕೂಡುತ್ತೇನೆ.

ಈಗ ಎಡಗಡೆಯ ವಾಲ್ವ್ ಸೋತಿದೆ. ಉಗಾದಿ ಆದಮೇಲೆ ಶುರುವಾಯಿತು. ಮೊದಲು ಸದ್ದು ಮಬ್ಬಾಯಿತು, ಈಗ ಬಲಗಡೆಯ ಅರ್ಧದಷ್ಟೂ ಇಲ್ಲ. ಹೊಸ ವಾಲ್ವ್ ಕಳಿಸಿಕೊಡಿ. ಬೆಸುಗೆ ಕೆಲಸ ನನಗೆ ಬರುತ್ತದೆ. ಹ್ಯಾಗೆ ಮಾಡಬೇಕೆಂಬುದನ್ನು ಕಾಗದದಲ್ಲೇ ಬರೆಯಿರಿ. ಫೋನಿನಲ್ಲಿ ನಂಬರು ಹೇಳಿದರೆ ಒಂದು ಹೋಗಿ ಒಂದಾಗುತ್ತದೆ. ನನ್ನದು ಒತ್ತುವ ಗುಂಡಿಯ ಫೋನು, ಅದರಲ್ಲಿ ಚಿತ್ರ ಬರುವುದಿಲ್ಲ.

ಬೇಗ ಕಳಿಸಿದರೆ ಉಪಕಾರ. ಕೈಯಲ್ಲಿ ಕೆಲಸ ಬಹಳ ಇದೆ.

ದುರ್ಗೇಶ


ಸವಣೂರು
16 ಜೂನ್ 2023

ದುರ್ಗೇಶಣ್ಣನವರಿಗೆ, ಜೈಭೀಮ್.

ನಿಮ್ಮ ಕಾಗದ ನೋಡಿ ಅವ್ವ, "ಇನ್ನೂ ಕಾಗದಾ ಬರಿಯೋರು ಅದಾರಲ್ಲ!" ಎಂದು ಎರಡು ಸಲ ಓದಿಸಿದಳು.

ಅದೇ ನಂಬರಿನ ವಾಲ್ವ್ ನನ್ನ ಹತ್ತಿರ ಮುಗಿದಿದೆ. ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಅದರ ಬದಲು ರಷ್ಯದ್ದೊಂದು ಜೋಡಿ ಕಳಿಸುತ್ತಿದ್ದೇನೆ. ಎಡಕ್ಕೊಂದು ಬಲಕ್ಕೊಂದು, ಎರಡನ್ನೂ ಬದಲಿಸಿ. ಒಂದು ಹಳೆಯದು ಒಂದು ಹೊಸದು ಇಟ್ಟರೆ ಎರಡು ಕಡೆಗೂ ಸಮ ಬರುವುದಿಲ್ಲ.

ಈ ವಾಲ್ವ್‌ನ ಕಾಲುಗಳು ಅದೇ ಸಾಕೆಟ್ಟಿಗೆ ಸರಿಯಾಗಿ ಕೂಡುತ್ತವೆ. ಕೂತಿತು ಎಂದು ಹಾಗೆಯೇ ಬಿಡಬೇಡಿ. ಪ್ರತಿ ವಾಲ್ವ್‌ನ ಕೆಳಗೆ, ಕ್ಯಾಥೋಡಿಗೆ ಸೇರಿದ ಒಂದು ರೆಸಿಸ್ಟರ್ ಇರುತ್ತದೆ. ವಾಲ್ವ್ ಎಷ್ಟು ಕರೆಂಟು ಎಳೆಯಬೇಕು ಎಂಬುದನ್ನು ಗೊತ್ತುಮಾಡುವುದು ಅದೇ. ಈಗ ಅಲ್ಲಿ ಇನ್ನೂರು ಓಮ್ ಇದೆ. ಹಳೆಯ ವಾಲ್ವ್‌ಗೆ ಅದರ ಎರಡು ತುದಿಯಲ್ಲಿ ಸುಮಾರು ಎರಡು ವೋಲ್ಟು ತೋರಿಸುತ್ತಿತ್ತು. ರಷ್ಯದ್ದು ಅಷ್ಟು ಎಳೆಯುವುದಿಲ್ಲ, ಒಂದು ವೋಲ್ಟಿಗೆ ಬಂದು ನಿಲ್ಲುತ್ತದೆ. ಆಗ ಹಾಡು ತೆಳ್ಳಗಾಗಿ ಕೇಳುತ್ತದೆ. ಆದ್ದರಿಂದ ಇನ್ನೂರು ತೆಗೆದು, ಇದರ ಜೊತೆ ಇಟ್ಟಿರುವ ನೂರಾ ಇಪ್ಪತ್ತು ಓಮ್ ಹಾಕಿ. ಆಮೇಲೆ ಮೀಟರು ಮುಕ್ಕಾಲು ವೋಲ್ಟಿನ ಆಸುಪಾಸು ತೋರಿಸಿದರೆ ಗಾಬರಿಯಾಗಬೇಡಿ. ವೋಲ್ಟನ್ನು ಓಮಿನಿಂದ ಭಾಗಿಸಿ ನೋಡಿ, ಕರೆಂಟು ಮೊದಲಿಗಿಂತ ಏರಿರುತ್ತದೆ. ಹಳೆಯ ವಾಲ್ವ್‌ನಷ್ಟೇ ಬರಬೇಕೆಂದು ಓಮನ್ನು ಇನ್ನೂ ಇಳಿಸಲು ಹೋಗಬೇಡಿ. ಇದರ ಗುಣ ಬೇರೆ.

ಒಂದು ಮಾತು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಜೀವಕ್ಕೆ ಕುತ್ತು ತರುವಷ್ಟು. ಕ್ಲಿಪ್ಪು ಹಚ್ಚಿದ ದಪ್ಪ ರೆಸಿಸ್ಟರನ್ನೂ ಕಳಿಸಿದ್ದೇನೆ. ಅದನ್ನು ಕಚ್ಚಿಸಿ, ಮೀಟರು ಸೊನ್ನೆಗೆ ಬಂದ ಮೇಲೆಯೇ ಕೈ ಹಾಕಿ. ಧೈರ್ಯವಿಲ್ಲದಿದ್ದರೆ ಪೆಟ್ಟಿಗೆ ಹಿಡಿದುಕೊಂಡು ಬಂದುಬಿಡಿ, ನಾನೇ ಮಾಡುತ್ತೇನೆ.

ಹಳೆಯ ವಾಲ್ವ್‌ಗಳನ್ನು ಎಸೆಯದೆ ನನಗೆ ಕಳಿಸಿ. ಬರೀ ಒಂದು ವರ್ಷದಲ್ಲಿ ಯಾಕೆ ಸೋತಿತು ಎಂದು ನೋಡಬೇಕು.

ಸುಜಾತಾ


ಹಿರೇಕೆರೂರು
2 ಜುಲೈ 2023

ತಂಗಿ ಸುಜಾತಾಗೆ,

ವಾಲ್ವ್ ಮುಟ್ಟಿದವು, ಹಾಕಿದೆ. ನೀವು ಬರೆದಂತೆ ಕ್ಲಿಪ್ಪು ಕಚ್ಚಿಸಿ, ಕಾದು, ಆಮೇಲೆಯೇ ಬೆಸುಗೆ ಬಿಚ್ಚಿದೆ. ಎರಡೂ ಕಡೆ ನೂರಾ ಇಪ್ಪತ್ತು. ಮೀಟರು ಎಡಕ್ಕೂ ಬಲಕ್ಕೂ ನೀವು ಹೇಳಿದಷ್ಟೇ ತೋರಿಸಿತು. ಪೇಟಿಯ ನಾಲಿಗೆಯನ್ನು ಬದಲಿಸಿದಾಗ ಅದರ ತೂಕಕ್ಕೆ ತಕ್ಕಂತೆ ತುದಿ ಕೆರೆಯಬೇಕಾಗುತ್ತದಲ್ಲ, ಇದೂ ಅದೇ ಅಂದುಕೊಂಡೆ.

ಬಲಗಡೆ ಬಂಗಾರದಂತಿದೆ. ಎಡಗಡೆ ಮಾತ್ರ ಗುಂಯ್ ಅನ್ನುತ್ತದೆ. ಒಂದೇ ಸಮ, ನಿಲ್ಲುವುದಿಲ್ಲ. ಹಾಡು ಜೋರಾದರೆ ಅದರ ಕೆಳಗೆ ಅಡಗುತ್ತದೆ, ಹಾಡು ನಿಂತರೆ ಮೇಲೇಳುತ್ತದೆ. ಸದ್ದೂ ಏರಿಲ್ಲ, ಮಬ್ಬು ಹಾಗೆಯೇ ಇದೆ. ರಷ್ಯದ ವಾಲ್ವ್‌ನಲ್ಲಿ ಎಡಕ್ಕೆ ಬಂದದ್ದು ಕೆಟ್ಟದ್ದಿರಬಹುದೆ?

ಶಾರವ್ವ, ಅಂದರೆ ನನ್ನ ಹೆಂಡತಿ, "ಇರೂದನ್ನ ಬಿಚ್ಚಿ ಬಿಚ್ಚಿ ಕೆಡಸಾಕತ್ತೀರಿ" ಎಂದು ಗೊಣಗುತ್ತಾಳೆ. ನನಗೋ ಕೂತಲ್ಲಿ ಕೂಡಲಾಗುವುದಿಲ್ಲ. ಒಂದು ಕೆಲಸ ಹಿಡಿದರೆ ಮನಸ್ಸು ಆ ಪೆಟ್ಟಿಗೆಯ ಕಡೆಗೇ ಎಳೆಯುತ್ತದೆ.

ಹಳೆಯ ಜೋಡಿ ಇದರೊಂದಿಗಿದೆ. ಎಡದ್ದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ದುರ್ಗೇಶ


ಸವಣೂರು
7 ಜುಲೈ 2023

ದುರ್ಗೇಶಣ್ಣನವರಿಗೆ,

ಗುಂಯ್ ಅನ್ನುವುದಕ್ಕೆ ಮೂರು ಕಾರಣ ಇರಬಹುದು. ಒಂದೊಂದಾಗಿ ಕಳೆಯೋಣ.

ಎಡದ ವಾಲ್ವ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಸದ್ದು ವಾಲ್ವ್‌ನ ಹಿಂದೆಯೇ ಬಲಕ್ಕೆ ಹೋದರೆ ವಾಲ್ವ್ ಕೆಟ್ಟದ್ದು, ನಾನು ಬೇರೆ ಕೊಡುತ್ತೇನೆ.

ಎಡದಲ್ಲೇ ಉಳಿದರೆ, ವಾಲ್ವ್ ಕಾಯಿಸುವ ತಂತಿಯಿಂದ ಬರುತ್ತಿರಬಹುದು. ರಷ್ಯದ್ದು ಕಾಯಲು ಹೆಚ್ಚು ಕರೆಂಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ತಡೆಯುತ್ತದೆ, ಅದರ ಚಿಂತೆ ಇಲ್ಲ. ಆದರೆ ಆ ತಂತಿಯ ಗುಂಯ್ ಹಾಡಿನೊಳಗೆ ನುಸುಳಬಾರದು. ನೂರು ಓಮಿನ ಎರಡು ರೆಸಿಸ್ಟರ್ ಇಟ್ಟಿದ್ದೇನೆ. ಕಾಯಿಸುವ ಎರಡು ತಂತಿಗೂ ಒಂದೊಂದು ಬೆಸೆದು, ಅವುಗಳ ಇನ್ನೊಂದು ತುದಿಯನ್ನು ಕೂಡಿಸಿ ಅರ್ತ್‌ಗೆ ಸೇರಿಸಿ. ಚಿತ್ರ ಹಿಂದುಗಡೆ ಇದೆ.

ಅದಕ್ಕೂ ಹೋಗದಿದ್ದರೆ ಹೆಡ್‌ಫೋನ್ ತಿರುವಿ ಹಾಕಿಕೊಳ್ಳಿ. ಎಡದ ಬಟ್ಟಲು ಬಲಗಿವಿಗೆ, ಬಲದ್ದು ಎಡಗಿವಿಗೆ. ಸದ್ದು ಯಾವ ಕಡೆಗೆ ಕೇಳಿತು ಎಂದು ಬರೆಯಿರಿ.

ನನಗೂ ಅವಸರವಿದೆ. ಹುಲಗೂರಿನ ಜಾವೇದ ಎನ್ನುವವರು ಇಂಥದ್ದೇ ಪೆಟ್ಟಿಗೆ ಮಾಡಿಕೊಡಲು ಹೇಳಿದ್ದಾರೆ. ಇಷ್ಟು ದಿನ ನಾನು ಮಿಕ್ಸರು, ಇನ್ವರ್ಟರು ರಿಪೇರಿ ಮಾಡಿ ನಡುವೆ ಬಿಡುವಾದಾಗ ಇದನ್ನು ಮಾಡುತ್ತಿದ್ದೆ. ಇದನ್ನೇ ಕಸುಬು ಮಾಡಿಕೊಳ್ಳಬೇಕೆಂದಿದ್ದೇನೆ. ನಿಮ್ಮದರಲ್ಲಿ ಇರುವ ತಪ್ಪು ಅವರದರಲ್ಲೂ ಆಗಬಾರದು.

ಸುಜಾತಾ


ಹಿರೇಕೆರೂರು
24 ಜುಲೈ 2023

ತಂಗಿ ಸುಜಾತಾಗೆ,

ವಾಲ್ವ್ ಅದಲುಬದಲು ಮಾಡಿದೆ. ಎಡಕ್ಕೇ ಇದೆ. ನೂರು ಓಮ್ ಎರಡೂ ಹಾಕಿದೆ. ಎಡಕ್ಕೇ ಇದೆ.

ನೂರಾ ಇಪ್ಪತ್ತರ ಬದಲು ನೂರಾ ಐವತ್ತು ಹಾಕಿ ನೋಡಿದೆ, ಆಮೇಲೆ ನೂರಾ ಎಂಬತ್ತು, ಇಳಿಸಿ ನೂರು, ಕೊನೆಗೆ ತಿರುಗಿ ನೂರಾ ಇಪ್ಪತ್ತೇ. ನೀವು ಬೇಡ ಅಂದಿದ್ದಿರಿ, ಕೈ ಕೇಳಲಿಲ್ಲ. ಪ್ರತಿ ಸಲ ಇನ್ನೇನು ಹೋಯಿತು ಅನ್ನಿಸುತ್ತದೆ, ಮತ್ತೆ ಬರುತ್ತದೆ. ಒಂದು ಸಲ ಕ್ಲಿಪ್ಪು ಕಚ್ಚಿಸುವುದನ್ನು ಮರೆತು ಕೈ ಹಾಕಿ ಶಾಕ್ ಹೊಡೆಯಿತು. ತೋಳು ಭುಜದ ತನಕ ಜುಮ್ಮೆಂದಿತು. ಶಾರವ್ವ ಪೆಟ್ಟಿಗೆಯನ್ನು ಎತ್ತಿ ಅಟ್ಟದ ಮೇಲೆ ಇಟ್ಟಳು. "ಇನ್ನ ಇದನ್ನ ಮುಟ್ಟಿದ್ರ ನನ್ನ ಆಣಿ ಐತಿ" ಅಂದಳು. ನಾನು ಮತ್ತೆ ಇಳಿಸಿಕೊಂಡೆ.

ನಿದ್ದೆ ಸರಿಯಾಗಿ ಬರುತ್ತಿಲ್ಲ. ನಡೆಯುವಾಗ ಒಮ್ಮೊಮ್ಮೆ ಜೋಲಿ ಹೊಡೆದಂತಾಗುತ್ತದೆ. ನಿದ್ದೆಗೇಡಿನಿಂದ ಇರಬೇಕು.

ಹುಲಗೂರಿನ ಜಾವೇದ ಹೋದ ವಾರ ಪೇಟಿಗೆ ಗಾಳಿ ಊದುವ ತಿದಿ ಹೊಲಿಸಲು ಬಂದಿದ್ದರು. ನಿಮ್ಮ ಪೆಟ್ಟಿಗೆಯ ಬಗ್ಗೆ ಕೇಳಿದರು. ಬಲಗಡೆ ಚಲೋ, ಎಡಗಡೆ ಗುಂಯ್ ಅಂತೈತಿ ಎಂದು ಇದ್ದದ್ದನ್ನು ಹೇಳಿದೆ. ಸುಳ್ಳು ಹೇಳಲು ಬರಲಿಲ್ಲ.

ಬೇರೆ ಏನು ಬದಲಿಸಬೇಕು, ಬರೆಯಿರಿ.

ದುರ್ಗೇಶ


ಸವಣೂರು
30 ಜುಲೈ 2023

ದುರ್ಗೇಶ ಅವರಿಗೆ,

ಜಾವೇದಣ್ಣ ಬೇಡವೆಂದು ಹೇಳಿ ಕಳಿಸಿದ್ದಾರೆ. ಶಿಗ್ಗಾಂವಿಯಿಂದ ವಿಚಾರಿಸಿದ್ದ ಇನ್ನೊಬ್ಬರೂ ಸುಮ್ಮನಾದರು. ನೀವು ಇದ್ದದ್ದನ್ನು ಹೇಳಿದ್ದೀರಿ, ಸರಿ. ನಾನೂ ಇದ್ದದ್ದನ್ನು ಹೇಳುತ್ತೇನೆ.

ಕೆಂಪು ದಾರದ ವಾಲ್ವನ್ನು ನನ್ನ ಟೆಸ್ಟರಿಗೆ ಹಾಕಿ ನೋಡಿದೆ. ಅದಕ್ಕೆ ಏನೂ ಆಗಿಲ್ಲ. ಬಲದ್ದಕ್ಕಿಂತ ಕೂದಲೆಳೆ ಮೇಲೇ ಇದೆ. ಸೋತಿಲ್ಲದ ವಾಲ್ವ್ ಸೋತಿದೆ ಎಂದು ಯಾಕೆ ಬರೆದಿರಿ? ಚೆನ್ನಾಗಿದ್ದದ್ದನ್ನು ಬಿಚ್ಚಿಸಿ, ರೆಸಿಸ್ಟರ್ ಬದಲಿಸಿ, ಈಗ ನನ್ನ ಕೆಲಸವೇ ಕೆಟ್ಟದ್ದೆಂದು ಊರಿಗೆ ಸಾರುವುದು ಯಾವ ನ್ಯಾಯ?

ಹೆಡ್‌ಫೋನ್ ತಿರುವಿ ಹಾಕಿಕೊಳ್ಳಿ ಎಂದಿದ್ದೆ. ಎಲ್ಲದಕ್ಕೂ ಉತ್ತರ ಬರೆದಿದ್ದೀರಿ, ಅದೊಂದಕ್ಕೆ ಇಲ್ಲ.

ಹುಡುಗಿ ಮಾಡಿದ್ದೆಂದರೆ ಮೊದಲೇ ಜನರಿಗೆ ನಂಬಿಕೆ ಕಡಿಮೆ. ಬರುವ ಭಾನುವಾರ ಮೀಟರು ತೆಗೆದುಕೊಂಡು ನಾನೇ ಬರುತ್ತೇನೆ. ಬೇಡ ಎನ್ನಬೇಡಿ.

ಸುಜಾತಾ


ಸವಣೂರು
8 ಆಗಸ್ಟ್ 2023

ದುರ್ಗೇಶಣ್ಣನವರಿಗೆ,

ಬಂದು ಹೋದವಳು ಏನೂ ಹೇಳದೆ ಹೋದೆ. "ಏನ್ ಅನ್ನಿಸ್ತು?" ಎಂದು ನೀವು ಕೇಳಿದಾಗ "ಬರೀತೇನ್ರಿ" ಎಂದುಬಿಟ್ಟೆ. ಹಾನಗಲ್ಲಿನ ಕಡೆಯ ಆ ಇಬ್ಬರು ಭಜನೆಯವರು ಪೇಟಿ ಮುಂದಿಟ್ಟುಕೊಂಡು ಕೂತಿದ್ದರು. ಅವರೆದುರಿಗೆ ಬಾಯಿ ಬರಲಿಲ್ಲ. ಅಲ್ಲಿಂದ ಬಂದು ಎರಡು ದಿನ ಬೆಸುಗೆ ಕಡ್ಡಿ ಹಿಡಿಯಲೂ ಆಗಲಿಲ್ಲ.

ನಾನು ಜಗಳ ಮಾಡಲಿಕ್ಕೆಂದೇ ಬಂದಿದ್ದೆ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗಲೂ ಮನಸ್ಸಿನಲ್ಲಿ ಅದನ್ನೇ ಮಸೆಯುತ್ತಿದ್ದೆ.

ಮೀಟರು ಹಚ್ಚಿದೆ. ಎರಡೂ ಕಡೆ ಸಮ. ಹೆಡ್‌ಫೋನ್ ಹಾಕಿಕೊಂಡು, ಏನೂ ಹಚ್ಚದೆ, ಸದ್ದಿನ ಗುಂಡಿಯನ್ನು ಪೂರ್ತಿ ತಿರುವಿದೆ. ನಿಮ್ಮ ಬೆಸುಗೆ ಅಚ್ಚುಕಟ್ಟಾಗಿದೆ. ಗುಂಯ್ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಇಷ್ಟು ಶಾಂತವಾದ ಪೆಟ್ಟಿಗೆಯನ್ನು ನಾನು ಇನ್ನೊಂದು ಮಾಡಿಲ್ಲ. ತಿರುವಿ ಹಾಕಿಕೊಂಡೆ, ಆಗಲೂ ಇಲ್ಲ. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. "ಎಡಕ್ಕ ಐತಲ್ರಿ?" ಎಂದಿರಿ. ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ನೀವು ಎಡಬದಿಯನ್ನು ಗೋಡೆಗೆ ಕೊಟ್ಟು ಕೂಡುತ್ತೀರಿ. ಮಾತಾಡುವವರು ಬಲಕ್ಕೆ ಬರುವಂತೆ ಚಾಪೆ ಹಾಸಿದ್ದೀರಿ. ಶಾರವ್ವಕ್ಕ ಒಳಗಿನಿಂದ ಬಂದು ಎಡಗಡೆ ನಿಂತು ಚಹಾ ಎಂದರು, ನೀವು ತಿರುಗಲಿಲ್ಲ. ಅವರು ಹೆಗಲು ಮುಟ್ಟಿದರು.

ಬಸ್ ಸ್ಟ್ಯಾಂಡಿನ ತನಕ ಅವರು ನನ್ನ ಜೊತೆ ಬಂದರು. ದಾರಿಯಲ್ಲಿ ಅಂದರು: "ಯವ್ವಾ, ಉಗಾದಿ ಆದಮ್ಯಾಗ ನನ್ನ ಜೋಡಿ ಮಾತು ಬಿಟ್ಟಾರ. ಮಗ್ಗಲದಾಗ ಮಲಗಿ ಏನರೆ ಕೇಳಿದ್ರ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ನಾ ಏನ್ ತಪ್ಪು ಮಾಡೇನಿ ಅಂತನೂ ಹೇಳೂದಿಲ್ಲ. ನೀ ಆ ಪೆಟ್ಟಿಗಿ ಒಯ್ದುಬಿಡವ, ಅದು ಬಂದಮ್ಯಾಲ ಹಿಂಗ ಆಗ್ಯಾರ."

ನಾನು ಅವರಿಗೆ ಏನೂ ಹೇಳಲಿಲ್ಲ. ಹೇಳಬೇಕಾದವರು ನೀವು.

ಅಣ್ಣಾ, ಗುಂಯ್ ಅನ್ನುವುದು ಪೆಟ್ಟಿಗೆಯಲ್ಲಿ ಇಲ್ಲ. ನಿಮ್ಮ ಎಡಗಿವಿಯಲ್ಲಿ ಇದೆ. ಅದಕ್ಕೆ ನನ್ನ ಹತ್ತಿರ ರೆಸಿಸ್ಟರ್ ಇಲ್ಲ. ಹುಬ್ಬಳ್ಳಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿ. ಈ ವಾರವೇ ಹೋಗಿ.

ಸುಜಾತಾ


ಹಿರೇಕೆರೂರು
14 ಆಗಸ್ಟ್ 2023

ಸುಜಾತಾ ಅವರಿಗೆ,

ನಿಮ್ಮ ಪೆಟ್ಟಿಗೆಯ ದೋಷವನ್ನು ನನ್ನ ಕಿವಿಯೊಳಗೆ ತುರುಕಬೇಡಿ. ಚಿಕ್ಕವನಿದ್ದಾಗಿನಿಂದ ಈ ಕಿವಿಯ ಮೇಲೆ ಬದುಕಿದ್ದೇನೆ. ಹಾನಗಲ್ಲಿನಿಂದ ಬಂಕಾಪುರದ ತನಕ ಯಾವ ಮೇಳದ ಪೇಟಿ ಯಾರು ಶ್ರುತಿ ಮಾಡಿದ್ದೆಂದು ಕೇಳಿ ಬನ್ನಿ.

ಶ್ರುತಿ ಮಾಡುವವನ ಕಿವಿ ಹೋಗಿದೆ ಎಂದು ಎಲ್ಲಿಯೂ ಬಾಯಿಬಿಡಬೇಡಿ. ಅದೊಂದು ಕೇಳಿಕೊಳ್ಳುತ್ತೇನೆ. ಇನ್ನು ಮುಂದೆ ಕಾಗದ ಬೇಡ.

ದುರ್ಗೇಶ


ಸವಣೂರು
17 ಸೆಪ್ಟೆಂಬರ್ 2023

ಅಣ್ಣಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಯಾರಿಗೂ ಹೇಳಿಲ್ಲ. ಜಾವೇದಣ್ಣನಿಗೂ ಹೇಳಿಲ್ಲ. ಅವರು ನನ್ನ ಕೆಲಸದ ಬಗ್ಗೆ ಏನಾದರೂ ಅಂದುಕೊಳ್ಳಲಿ.

ಅವ್ವನನ್ನು ಶಿಗ್ಗಾಂವಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೆಸರು ಹೇಳದೆ ಕೇಳಿದೆ: ಒಂದೇ ಕಿವಿಯಲ್ಲಿ ಸದ್ದು, ಆ ಕಿವಿ ಮಂದ, ನಡೆಯುವಾಗ ಜೋಲಿ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಎರಡೂ ಕಿವ್ಯಾಗ ಬಂದ್ರ ಬ್ಯಾರೆ ಮಾತು. ಒಂದ ಕಡೆ ಅಂದ್ರ ತಲಿ ಸ್ಕ್ಯಾನ್ ಮಾಡಿಸಾಕ ಬೇಕು. ಯಾರ್ರಿ ಅವರು, ಯಾಕ ತಡಾ ಮಾಡಾಕತ್ತಾರ?" ಎಂದರು.

ಯಾಕೆ ತಡ ಮಾಡುತ್ತಿದ್ದೀರಿ ಎಂಬುದು ನನಗೆ ಗೊತ್ತು.

ಸುಜಾತಾ


ಹಿರೇಕೆರೂರು
29 ಅಕ್ಟೋಬರ್ 2023

ತಂಗಿ,

ಇನ್ನು ಮೇಲೆ ನಿನ್ನನ್ನು 'ನೀವು' ಎನ್ನುವುದಿಲ್ಲ.

ಹಾನಗಲ್ ತಾಲೂಕಿನಲ್ಲಿ ಗುತ್ತೆವ್ವ ಎಂಬ ಹಾಡುಗಾರ್ತಿ ಇದ್ದಾಳೆ. ನಮ್ಮ ಭೀಮಗೀತೆಯ ಮೇಳ ಕಟ್ಟಿದವಳು. ಅವಳ ಪೇಟಿಯನ್ನು ನಾನೇ ಶ್ರುತಿ ಮಾಡಿ ಕೊಟ್ಟಿದ್ದೆ. ದಸರೆಯ ಮುಂಚೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಿ ಬಂದಳು. ಸಿಟ್ಟೂ ಆಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಪೇಟಿಯನ್ನು ನನ್ನ ಮುಂದಿಟ್ಟು, "ದುರ್ಗಣ್ಣಾ, ಇದು ನೀ ಮಾಡಿದ್ದ ಐತೇನು? ನಾ ಒಂದು ಹಾಡಿದ್ರ ಇದು ಒಂದು ಹಾಡತೈತಿ. ಮಂದಿ ಮುಂದ ಪೇಟಿ ಬಂದ್ ಮಾಡಿ ಬರೇ ಬಾಯಿಲೆ ಹಾಡಿ ಬಂದೆ" ಎಂದಳು.

"ಬಿಸಿಲಿಗೆ ಏರಿರಬೇಕು" ಎಂದೆ.

"ಬಿಸಿಲು ಎಲ್ಲೈತಿ?" ಎಂದಳು. ಹೊರಗೆ ಮೋಡ ಕವಿದಿತ್ತು.

ಅವಳು ಷಡ್ಜ ಒತ್ತಿ ಹಿಡಿದಳು. ನನಗೆ ಸರಿಯಾಗಿಯೇ ಕೇಳಿತು, ತಲೆಯೊಳಗಿನ ಗುಂಯ್ ಜೊತೆ ನೇರವಾಗಿ ಕೂಡಿತು. ಆಗ ಅವಳು ಪೇಟಿ ಬಿಟ್ಟು ತನ್ನ ಕಂಠದಲ್ಲಿ ಷಡ್ಜ ಹಿಡಿದಳು. ಎರಡಕ್ಕೂ ಎಷ್ಟು ಅಂತರವೆಂದರೆ ದಾರಿಹೋಕನಿಗೂ ತಿಳಿಯಬೇಕು. ತಂಗಿ, ನಾನು ಪೇಟಿಯನ್ನು ಸ್ವರಕ್ಕೆ ಕೂಡಿಸಿರಲಿಲ್ಲ. ನನ್ನ ಕಿವಿಯ ಗುಂಯ್‌ಗೆ ಕೂಡಿಸಿದ್ದೆ.

ಪ್ಲಗ್ ಕಿತ್ತರೂ ಅದು ಕೇಳುತ್ತದೆ ಎಂದು ನನಗೆ ತಿಳಿದಿತ್ತು. ಹೊಲದ ನಡುವೆ ನಿಂತರೂ ಕೇಳುತ್ತಿತ್ತು. ಆದರೂ ಪೆಟ್ಟಿಗೆ ಬಿಚ್ಚಿದಾಗೆಲ್ಲ, ಈ ರೆಸಿಸ್ಟರ್ ಬದಲಿಸಿದರೆ ಹೋದೀತು ಎಂದು ನಿಜವಾಗಿಯೂ ನಂಬುತ್ತಿದ್ದೆ. ನಂಬದಿದ್ದರೆ ಕೂಡಲಾಗುತ್ತಿರಲಿಲ್ಲ.

ಶಾರವ್ವನಿಗೆ ಹೇಳಿದೆ. "ಅಂದ್ರ ನನ್ನ ಮ್ಯಾಲ ಸಿಟ್ಟು ಇರಲಿಲ್ಲನ?" ಎಂದಳು. ಇಲ್ಲ ಎಂದೆ. ಎದ್ದು ಬಂದು ನನ್ನ ಬಲಗಡೆ ಕೂತಳು. ಮರುದಿನವೇ ಹುಬ್ಬಳ್ಳಿಗೆ ಹೊರಟೆವು.

ಕಿವಿಯ ನರದ ಮೇಲೆ ಗಂಟು ಇದೆ. ಕಡಲೆಕಾಳಿಗಿಂತ ದೊಡ್ಡದು. ಡಾಕ್ಟರು, "ಕ್ಯಾನ್ಸರ್ ಅಲ್ಲ, ಅಂಜಬ್ಯಾಡ್ರಿ. ಆದ್ರ ಬೆಳದ್ರ ಮುಖದ ನರಕ್ಕ ಒತ್ತತೈತಿ" ಎಂದರು. ತೆಗೆಯಬೇಕಂತೆ. ತೆಗೆದರೆ ಆ ಕಿವಿಯಲ್ಲಿ ಉಳಿದಿರುವ ಅಷ್ಟಿಷ್ಟೂ ಹೋಗುತ್ತದೆ. ತೆಗೆದ ಮೇಲೂ ಗುಂಯ್ ನಿಲ್ಲುತ್ತದೆಂಬ ಖಾತ್ರಿ ಇಲ್ಲ.

ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಯಾರಿಗಾದರೂ ಬರೆಯಬೇಕಿತ್ತು.

ದುರ್ಗೇಶ


ಸವಣೂರು
3 ನವೆಂಬರ್ 2023

ಅಣ್ಣಾ,

ತೆಗೆಸಿಕೊಳ್ಳಿ.

ಕಾಗದ ಓದಿ ಅವ್ವನಿಗೆ ಹೇಳಿದೆ. ಅವಳು ಒಲೆಯ ಮೇಲಿನ ಎಣ್ಣೆ ಇಳಿಸಿ ಬಂದು ಕೂತು, "ಆ ಮನಿಶಾಗ ಹೇಳು, ಒಂದು ಕಣ್ಣಿದ್ದಾಂವ ದಾರಿ ಕಾಣೂದಿಲ್ಲೇನು?" ಎಂದಳು. ನನಗೆ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಸಿಟ್ಟಿನಲ್ಲಿ ನಾನು ಬರೆದ ಕಾಗದದ ಮಾತುಗಳು ದಿನಕ್ಕೊಮ್ಮೆ ನೆನಪಾಗಿ ಕೈಯಲ್ಲಿರುವ ಕೆಲಸ ಹಾಳಾಗುತ್ತದೆ. ನೀವು ಆಸ್ಪತ್ರೆಯಲ್ಲಿ ಇರುವ ದಿನಗಳಲ್ಲಿ ಶಾರವ್ವಕ್ಕನ ಜೊತೆ ನಾನು ಇರುತ್ತೇನೆ. ತಾರೀಖು ತಿಳಿಸಿ.

ಸುಜಾತಾ


ಹಿರೇಕೆರೂರು
21 ಜನವರಿ 2024

ತಂಗಿ,

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ಇದೇ ನನ್ನ ಮೊದಲ ಕಾಗದ. ಅಕ್ಷರ ಸೊಟ್ಟಗಾದರೆ ಓದಿಕೋ. ಆಸ್ಪತ್ರೆಯಲ್ಲಿ ನೀನು, ಶಾರವ್ವ ಇಬ್ಬರೂ ನನ್ನ ಬಲಗಡೆಯೇ ಕೂಡಲು ಗುದ್ದಾಡುತ್ತಿದ್ದಿರಿ, ಅದು ನೆನಪಾಗಿ ಒಬ್ಬನೇ ನಗುತ್ತೇನೆ.

ಗೋಡೆ ಹಿಡಿಯದೆ ಈಗ ಬಾಗಿಲ ತನಕ ನಡೆಯುತ್ತೇನೆ. ಎಡಗಣ್ಣಿನ ರೆಪ್ಪೆ ಇನ್ನೂ ತಡವಾಗಿ ಮುಚ್ಚುತ್ತದೆ. ಎಡಗಿವಿ ಪೂರ್ತಿ ಹೋಯಿತು. ಗುಂಯ್ ಹೋಗಲಿಲ್ಲ. ಇರಲಿ. ಒಂದೊಂದು ದಿನ ಎದ್ದು ಊರು ಬಿಟ್ಟು ಓಡಬೇಕೆನ್ನಿಸುತ್ತದೆ, ಎಲ್ಲಿಗೆ ಓಡಿದರೂ ಅದು ಜೊತೆಗೇ ಬರುತ್ತದೆ.

ಅಂಗಡಿ ತೆಗೆದೆ. ಬಂದವರಿಗೆಲ್ಲ ನಾನೇ ಹೇಳುತ್ತೇನೆ, "ಒಂದ ಕಿವಿ ಐತ್ರಿ, ಈ ಕಡೆ ಬಂದು ಕೂಡ್ರಿ" ಎಂದು. ಇಬ್ಬರು ಪೇಟಿ ಎತ್ತಿಕೊಂಡು ಹೋದರು. ಉಳಿದವರು ಬಲಗಡೆ ಬಂದು ಕೂತರು. ಸ್ವರ ಸರಿಯಿದೆಯೆ ಎಂದು ಸೂಜಿಯಿಂದ ತೋರಿಸುವ ಸಣ್ಣ ಯಂತ್ರ ಒಂದು ತಂದಿದ್ದೇನೆ. ಮೊದಲು ಬಲಗಿವಿ ಹೇಳುತ್ತದೆ, ಆಮೇಲೆ ಸೂಜಿಯನ್ನು ಕೇಳುತ್ತೇನೆ. ಜಾವೇದ ಬಂದಾಗ ಅವರಿಗೂ ಇದ್ದದ್ದನ್ನು ಹೇಳಿದೆ. ಈ ವಾರ ನಿನ್ನ ಹತ್ತಿರ ಬರುತ್ತಾರೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಹೆಡ್‌ಫೋನ್ ಹಾಕಿಕೊಂಡರೆ ಹಾಡಿನ ಅರ್ಧ ಭಾಗ ಸತ್ತ ಕಿವಿಗೆ ಹೋಗುತ್ತದೆ. ಎರಡೂ ಕಡೆಯದನ್ನು ಒಂದೇ ಕಡೆಗೆ ತರಲು ಬರುತ್ತದೆಯೆ? ಎರಡು ತಂತಿ ಕೂಡಿಸಿ ಬೆಸೆದುಬಿಡಲೆ? ಈ ಸಲ ಕೇಳದೆ ಕೈ ಹಾಕಿಲ್ಲ.

ದುರ್ಗೇಶ


ಸವಣೂರು
26 ಜನವರಿ 2024

ಅಣ್ಣಾ,

ತಂತಿ ನೇರ ಕೂಡಿಸಬೇಡಿ. ಹಾಗೆ ಮಾಡಿದರೆ ಹಾಡು ಹಚ್ಚುವ ಯಂತ್ರದ ಎಡವೂ ಬಲವೂ ಒಂದನ್ನೊಂದು ತಳ್ಳಾಡುತ್ತವೆ, ಅದು ಕೆಡುತ್ತದೆ.

ಎರಡು ರೆಸಿಸ್ಟರ್ ಕಳಿಸಿದ್ದೇನೆ, ಎರಡೂ ನಾಲ್ಕು ಪಾಯಿಂಟ್ ಏಳು ಕಿಲೋ ಓಮ್. ಹಾಡು ಪೆಟ್ಟಿಗೆಯೊಳಗೆ ಬರುವ ಜಾಗದಲ್ಲಿ, ಸದ್ದಿನ ಗುಂಡಿಗಿಂತ ಮುಂಚೆ, ಎಡದ ತಂತಿಗೆ ಒಂದು, ಬಲದ ತಂತಿಗೆ ಒಂದು ಬೆಸೆಯಿರಿ. ಅವುಗಳ ಇನ್ನೊಂದು ತುದಿ ಕೂಡಿಸಿ, ಬಲದ ದಾರಿಗೆ ಮಾತ್ರ ಕೊಡಿ. ಎರಡರ ಬೆಲೆಯೂ ಒಂದೇ ಇರಬೇಕು. ಒಂದು ಹೆಚ್ಚು ಒಂದು ಕಡಿಮೆಯಾದರೆ ಒಬ್ಬರ ದನಿ ಇನ್ನೊಬ್ಬರನ್ನು ಮುಚ್ಚುತ್ತದೆ. ಎಡದ ಒಳದಾರಿಯನ್ನು ಅರ್ತ್‌ಗೆ ಸೇರಿಸಿ, ಅದು ಸುಮ್ಮನಿರಲಿ.

ಕೆಲಸವಿಲ್ಲವೆಂದು ಎಡದ ವಾಲ್ವನ್ನು ಕಿತ್ತಿಡಬೇಡಿ. ಕಿತ್ತರೆ ಬಲದ್ದರ ಮೇಲೆ ವೋಲ್ಟು ಏರುತ್ತದೆ. ಅದು ಉರಿಯುತ್ತಿರಲಿ. ಕ್ಲಿಪ್ಪು ಮರೆಯಬೇಡಿ. ಶಾರವ್ವಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಬಿಚ್ಚಿ.

ಜಾವೇದಣ್ಣ ಬಂದಿದ್ದರು. ಅವರದನ್ನು ಶುರು ಮಾಡಿದ್ದೇನೆ.

ಸುಜಾತಾ


ಹಿರೇಕೆರೂರು
5 ಫೆಬ್ರುವರಿ 2024

ತಂಗಿ,

ಬೆಸೆದೆ. ಶಾರವ್ವ ಕ್ಲಿಪ್ಪು ಕಚ್ಚಿಸಿ, ಮೀಟರನ್ನು ತಾನೇ ನೋಡಿ, "ಸೊನ್ನಿ ಬಂತು, ಈಗ ಕೈ ಹಾಕ್ರಿ" ಎಂದಳು. ಒಂದು ರೆಸಿಸ್ಟರಿನ ಕಾಲು ಮುರಿಯಿತು, ತುಂಡಿಗೆ ತಂತಿ ಜೋಡಿಸಿ ಸುಧಾರಿಸಿದೆ.

ಎಲ್ಲ ಮುಗಿಸಿ ನಮ್ಮ ಮೇಳದ ಹಾಡು ಹಚ್ಚಿದೆ. ಆ ರೆಕಾರ್ಡಿಂಗಿನಲ್ಲಿ ಹಾಡು, ಪೇಟಿ ಬಲಕ್ಕಿವೆ. ತಬಲಾ ಪೂರ್ತಿ ಎಡಕ್ಕಿದೆ. ಬಾರಿಸಿದವನು ನಮ್ಮೂರಿನ ಬೀರಪ್ಪ. ಹೋದ ಉಗಾದಿಯಿಂದ ಅವನ ಪೆಟ್ಟು ನನಗೆ ಸರಿಯಾಗಿ ಕೇಳಿರಲಿಲ್ಲ. ಆಪರೇಷನ್ ಆದ ಮೇಲೆ ಒಮ್ಮೆ ಹಚ್ಚಿದಾಗ ಹಾಡು ತಾಳವಿಲ್ಲದೆ ನೆಲ ಸಿಗದವರಂತೆ ತೇಲುತ್ತಿತ್ತು. ಕೇಳಲಾಗದೆ ಬಂದ್ ಮಾಡಿದ್ದೆ.

ಈಗ ಮೊದಲ ನುಡಿ ಮುಗಿಯುವ ಹೊತ್ತಿಗೆ ಬೀರಪ್ಪ ಬಂದ. ಬಲಗಿವಿಯಲ್ಲೇ, ಹಾಡಿನ ಪಕ್ಕದಲ್ಲೇ, ಜಾಗ ಮಾಡಿಕೊಂಡು ಕೂತ. ಒಂದು ಕಿವಿಯಲ್ಲಿ ಎಲ್ಲರೂ ಇಕ್ಕಟ್ಟಾಗಿಯೇ ಇದ್ದಾರೆ. ಮೊದಲಿನಂತೆ ಒಬ್ಬ ಅಲ್ಲಿ ಒಬ್ಬ ಇಲ್ಲಿ ಎಂದು ಕೈ ಮಾಡಿ ತೋರಿಸಲು ಬರುವುದಿಲ್ಲ. ಆದರೆ ಯಾರೂ ತಪ್ಪಿಸಿಕೊಂಡಿಲ್ಲ. ಕೆಳಗೆ ಗುಂಯ್ ಇದೆ. ಅವರು ಅದರ ಮೇಲೆಯೇ ನಡೆದುಕೊಂಡು ಹೋದರು.

ಮೂರನೆಯ ನುಡಿಯಲ್ಲಿ, ಹಾಡು ತಿರುಗಿ ಪಲ್ಲವಿಗೆ ಬರುವಲ್ಲಿ, ಬೀರಪ್ಪ ಒಂದು ಪೆಟ್ಟು ತಪ್ಪಿದ್ದಾನೆ. ಸಣ್ಣ ತಪ್ಪು, ಕೂಡಲೇ ಸಾವರಿಸಿಕೊಂಡಿದ್ದಾನೆ. ನಾನು ಹೆಡ್‌ಫೋನ್ ಕಿತ್ತು ಶಾರವ್ವನನ್ನು ಕೂಗಿದೆ, "ಬೀರಪ್ಪ ತಪ್ಪ್ಯಾನ! ನನಗ ಕೇಳಿಸ್ತು, ತಪ್ಪ್ಯಾನ ಅಂವ!"

ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಅಂವ ತಪ್ಪಿದ್ರ ನೀವ್ಯಾಕ ಹಿಂಗ ಕುಣಿಯಾಕತ್ತೀರಿ?" ಎಂದಳು.

ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿ, ಹೆಡ್‌ಫೋನನ್ನು ಅವಳ ತಲೆಗೆ ಏರಿಸಿದೆ.

ದುರ್ಗೇಶ